ಮೇಜಿನ ಮೇಲೊಂದು ಥೀಮ್ ಪಾರ್ಕ್: ಮೂರು ಸಲ ಕಿತ್ತು ಕಟ್ಟಿದ ಕಥೆ

ಎಲ್ಲೂ ಇಲ್ಲದ ಥೀಮ್ ಪಾರ್ಕ್ ಒಂದನ್ನು ರಟ್ಟು, ಅಂಟು, ದಾರ, ಗುಂಡುಸೂಜಿಗಳಲ್ಲಿ ಕಟ್ಟಲು ಹೊರಟು ಇದು ಆರನೇ ವಾರ. ಈಗ ಮೇಜಿನ ಮೇಲಿರುವುದು ಮೂರನೇ ಪಾರ್ಕ್. ಮೊದಲಿನ ಎರಡೂ ಕಸದ ಬುಟ್ಟಿ ಸೇರಿವೆ. ನೋಡಲು ಅವೇ ಚೆನ್ನಾಗಿದ್ದವು, ಸುಳ್ಳು ಯಾಕೆ ಹೇಳಲಿ. ಆದರೆ ಅವುಗಳಲ್ಲಿ ಜನ ಹಿಡಿಸುತ್ತಿರಲಿಲ್ಲ.

ಶುರು ಮಾಡುವ ಮೊದಲು ಹಾಕಿಕೊಂಡ ಕಟ್ಟು ಇಷ್ಟು. ಜಾಗ 400 ಮೀಟರ್ ಉದ್ದ, 300 ಮೀಟರ್ ಅಗಲ. ಅಂದರೆ 12 ಹೆಕ್ಟೇರ್, ಹೆಚ್ಚುಕಡಿಮೆ 30 ಎಕರೆ. ಅಳತೆ 1:500. ಹಾಗಾಗಿ ಇಡೀ ಪಾರ್ಕು 80 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ಹಲಗೆಯಲ್ಲಿ ಕೂರುತ್ತದೆ. ಈ ಅಳತೆಯಲ್ಲಿ ಒಬ್ಬ ಮನುಷ್ಯನ ಎತ್ತರ ಮೂರೂವರೆ ಮಿಲಿಮೀಟರ್. ಬಣ್ಣದ ಗುಂಡುಸೂಜಿಯ ತಲೆಯಷ್ಟು.

ದುಡ್ಡಿನ ಬೆಲೆ ಊರಿಗೊಂದು, ವರ್ಷಕ್ಕೊಂದು. ಅದಕ್ಕೇ ಯಾವ ದೇಶದ ನೋಟೂ ಬೇಡ ಎಂದುಕೊಂಡೆ. ಕಟ್ಟುವ ಪೂರ್ತಿ ಖರ್ಚು 1000 ಪಾಲು, ಅಷ್ಟೇ. ಜಾಗದ ಬೆಲೆ ಇದರಲ್ಲಿ ಸೇರಿಲ್ಲ. ಒಂದಕ್ಕೆ ಜಾಸ್ತಿ ಹಾಕಿದರೆ ಇನ್ನೊಂದರಿಂದ ಕೀಳಲೇಬೇಕು.

ಮೊದಲನೇ ಪಾರ್ಕ್

ಯಾರಾದರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ರೋಲರ್ ಕೋಸ್ಟರ್‌ನಿಂದ ಶುರು ಮಾಡಿದೆ. ಒಂದಲ್ಲ, ಮೂರು! ಜೊತೆಗೆ ಜೈಂಟ್ ವೀಲ್ ಒಂದು, ಮೇಲಿಂದ ದಬ್ಬನೆ ಬೀಳಿಸುವ ಟವರ್ ಒಂದು.

ಕೋಸ್ಟರಿನ ಆಕಾರ ಹಿಡಿಯಲು ಎರಡು ಸಂಜೆ ಹೋದವು. ಪೈಪಿಗೆ ಸುತ್ತುವ ಫೋಮ್ ಕೊಳವೆ ಸಿಗುತ್ತದಲ್ಲ, ಅದನ್ನು ಉದ್ದಕ್ಕೆ ಸೀಳಿದರೆ ಗೋಲಿ ಉರುಳಲು ಒಳ್ಳೆ ಹಳಿ. 10 ಸೆಂಟಿಮೀಟರ್ ತ್ರಿಜ್ಯದ ಲೂಪ್ ಸುತ್ತಿ, ಟೇಪ್ ಹಚ್ಚಿ, ಮೇಲಿಂದ ಗೋಲಿ ಬಿಟ್ಟೆ. ಉಜ್ಜಾಟ ಇಲ್ಲವೇ ಇಲ್ಲ ಅಂದುಕೊಂಡರೆ, ಉರುಳುವ ಗೋಲಿ ಲೂಪ್ ದಾಟಲು ತ್ರಿಜ್ಯದ 2.7 ಪಟ್ಟು ಎತ್ತರ ಸಾಕು. ನನ್ನ ಲೆಕ್ಕಕ್ಕೆ 27 ಸೆಂಟಿಮೀಟರ್. ಆ ಎತ್ತರದಿಂದ ಬಿಟ್ಟ ಗೋಲಿ ಲೂಪಿನ ನೆತ್ತಿಯ ಹತ್ತಿರ ಹೋಗಿ, ಹಳಿ ಬಿಟ್ಟು, ಟಕ್ ಅಂತ ಮೇಜಿನ ಮೇಲೆ ಬಿತ್ತು. 29ರಿಂದಲೂ ಬಿತ್ತು. 31ರಿಂದ ಬಿಟ್ಟಾಗ ಒಂದು ಸಲ ದಾಟಿತು, ಎರಡು ಸಲ ಬಿತ್ತು. 34ಕ್ಕೆ ಏರಿಸಿದ ಮೇಲೆ ಹತ್ತಕ್ಕೆ ಹತ್ತು ಸಲ ದಾಟಿತು. ಆ ಏಳು ಸೆಂಟಿಮೀಟರನ್ನು ಫೋಮು ನುಂಗಿತ್ತು. ನಿಜವಾದ ಕೋಸ್ಟರಿನಲ್ಲೂ ಒಂದೊಂದು ಗುಡ್ಡ ಹಿಂದಿನದಕ್ಕಿಂತ ಗಿಡ್ಡ ಆಗುತ್ತಾ ಹೋಗುವುದು ಇದೇ ಕಾರಣಕ್ಕೆ. ಮೊದಲ ಗುಡ್ಡ ಹತ್ತಿಸುವುದು ಮೋಟಾರು. ಆಮೇಲಿನದ್ದೆಲ್ಲ ಆ ಒಂದು ಏರಿನ ಸಾಲ.

30 ಮೀಟರ್ ಇಳಿಜಾರು ಇಟ್ಟರೆ ಬುಡದಲ್ಲಿ ಸೆಕೆಂಡಿಗೆ 24 ಮೀಟರ್, ಅಂದರೆ ಗಂಟೆಗೆ ಸುಮಾರು 87 ಕಿಲೋಮೀಟರ್ ವೇಗ. ಕಿರುಚಲು ಅಷ್ಟು ಸಾಕು. ಲೂಪ್ ಬೇಕೇ ಬೇಕು ಎಂದು ಮೊದಲು ಹಟ ಹಿಡಿದಿದ್ದೆ. ಆದರೆ ನಾನು ಸುತ್ತಿದ್ದು ಸರಿಯಾದ ವೃತ್ತ. ವೃತ್ತದ ಲೂಪಿನಲ್ಲಿ ನೆತ್ತಿಯಲ್ಲಿ ಬೀಳದಿರುವಷ್ಟೇ ವೇಗ ಇಟ್ಟರೂ, ಬುಡದಲ್ಲಿ ಮೈಭಾರ ಆರು ಪಟ್ಟಾಗುತ್ತದೆ. 1895ರಲ್ಲಿ ಅಮೆರಿಕದ ಕೋನಿ ಐಲೆಂಡಿನಲ್ಲಿ ಶುರುವಾದ ಫ್ಲಿಪ್ ಫ್ಲ್ಯಾಪ್ ರೈಲ್ವೆಯದ್ದು ಇದೇ ವೃತ್ತದ ಲೂಪು. ಹತ್ತಿದವರ ಕತ್ತು ನೋಯಿಸಿಯೇ ಅದು ಹೆಸರಾಯಿತು. ಬುಡದಲ್ಲಿ ಅಗಲ, ನೆತ್ತಿಯಲ್ಲಿ ಕಿರಿದು ಇರುವ ನೀರಿನ ಹನಿಯ ಆಕಾರದ ಲೂಪು ಕೋಸ್ಟರಿನಲ್ಲಿ ನೆಲೆ ಕಂಡದ್ದು 1976ರಲ್ಲಿ, ಕ್ಯಾಲಿಫೋರ್ನಿಯಾದ ರೆವಲ್ಯೂಷನ್ ಕೋಸ್ಟರಿನಿಂದ. ಅದರ ಲೆಕ್ಕ ಹಾಕಿದವರು ವರ್ನರ್ ಸ್ಟೆಂಗೆಲ್. ನನ್ನ ಲೂಪನ್ನೂ ಹನಿಯ ಆಕಾರಕ್ಕೆ ಬಗ್ಗಿಸಿದೆ. ಕೊನೆಗೆ ಲೂಪೇ ಇಲ್ಲದ ಕೋಸ್ಟರ್ ಉಳಿಯಿತು ಅನ್ನುವುದು ಬೇರೆ ಮಾತು.

ಆ ರಾತ್ರಿ ಬರೆದ ಬಜೆಟ್ ಈಗ ನೋಡಿದರೆ ನಗು ಬರುತ್ತದೆ. ಸವಾರಿಗಳಿಗೆ 620, ಕಟ್ಟಡಕ್ಕೆ 200, ತೋಟಕ್ಕೆ 80, "ಇತರೆ" 100. ಆ ಇತರೆಯಲ್ಲಿ ಚರಂಡಿ, ಕರೆಂಟು, ನೀರು, ರಸ್ತೆ, ನಕ್ಷೆ, ವಿಮೆ ಎಲ್ಲಾ ಹೇಗೋ ಅಡಗಿ ಕೂತಿದ್ದವು.

ಎಷ್ಟು ಜನ ಬರುತ್ತಾರೆ?

ಈ ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಕಿತ್ತು. ಕೇಳಿದ್ದು ಎರಡನೇ ವಾರ.

ವರ್ಷಕ್ಕೆ 6 ಲಕ್ಷ ಜನ, 300 ದಿನ ಬಾಗಿಲು ತೆರೆದಿರುತ್ತದೆ ಎಂದು ಇಟ್ಟುಕೊಂಡೆ. ಸರಾಸರಿ ದಿನಕ್ಕೆ 2000. ಆದರೆ ಸರಾಸರಿ ದಿನ ಅಂತ ಒಂದು ದಿನ ಇರುವುದಿಲ್ಲ. ವಾರದ ಮಧ್ಯೆ 800 ಜನ, ರಜೆಯಲ್ಲಿ 5000. ಸರಾಸರಿಗೆ ಕಟ್ಟಿದರೆ ರಜೆಯಲ್ಲಿ ನೂಕುನುಗ್ಗಲು. ವರ್ಷದ ಅತಿ ದೊಡ್ಡ ದಿನಕ್ಕೆ ಕಟ್ಟಿದರೆ ಉಳಿದ ದಿನ ಖಾಲಿ ಯಂತ್ರಗಳಿಗೆ ಎಣ್ಣೆ ಹಾಕುತ್ತಾ ಕೂರಬೇಕು. ಈ ಕೆಲಸದವರು ಅದಕ್ಕೇ "ಡಿಸೈನ್ ಡೇ" ಅನ್ನುವ ಒಂದು ದಿನವನ್ನು ಆರಿಸಿಕೊಳ್ಳುತ್ತಾರೆ. ಜನ ಜಾಸ್ತಿ ಇರುವ ದಿನವೇ, ಆದರೆ ವರ್ಷಕ್ಕೊಮ್ಮೆ ಬರುವ ಜಾತ್ರೆಯಂಥ ದಿನವಲ್ಲ. ನನ್ನದು 5000. ಅದರಲ್ಲಿ ಮಧ್ಯಾಹ್ನದ ಹೊತ್ತಿಗೆ ಒಳಗಿರುವವರು ನೂರಕ್ಕೆ 70, ಅಂದರೆ 3500 ಜನ.

ಒಬ್ಬೊಬ್ಬರಿಗೂ ಗಂಟೆಗೆ ಒಂದೂವರೆ ಆಟವಾದರೂ ಸಿಗಬೇಕು ಎಂದು ಗೆರೆ ಎಳೆದೆ. ಹಾಗಾದರೆ ಇಡೀ ಪಾರ್ಕು ಗಂಟೆಗೆ 5250 ಜನರನ್ನು ಆಡಿಸಬೇಕು.

ಈಗ ನನ್ನ ಹೆಮ್ಮೆಯ ಮೂರು ಕೋಸ್ಟರುಗಳ ಲೆಕ್ಕ. ಒಂದು ರೈಲಿಗೆ 20 ಸೀಟು, ಎರಡು ನಿಮಿಷಕ್ಕೊಂದು ರೈಲು. ಗಂಟೆಗೆ 600. ಮೂರಕ್ಕೆ 1800. ಜೈಂಟ್ ವೀಲ್: 24 ತೊಟ್ಟಿಲು, ತೊಟ್ಟಿಲಿಗೆ 6 ಜನ, ಹತ್ತಿ ಸುತ್ತಿ ಇಳಿಯಲು 20 ನಿಮಿಷ. ಗಂಟೆಗೆ 432. (1893ರ ಷಿಕಾಗೋ ಮೇಳಕ್ಕೆ ಫೆರಿಸ್ ಕಟ್ಟಿದ ಮೊದಲ ಚಕ್ರದಲ್ಲಿ 36 ಡಬ್ಬಿ, ಡಬ್ಬಿಗೆ 60 ಜನ, ಒಟ್ಟಿಗೆ 2160! ನನ್ನದು ಅದರ ಮುಂದೆ ಗಿಲಕಿ.) ಬೀಳುವ ಟವರ್: 12 ಸೀಟು, ಮೂರು ನಿಮಿಷ, ಗಂಟೆಗೆ 240. ಒಟ್ಟು 2472. ಇದೂ ಕಾಗದದ ಮೇಲಿನ ಸಂಖ್ಯೆ. ಖಾಲಿ ಉಳಿಯುವ ಸೀಟು, ತಡವಾಗುವ ಬೆಲ್ಟು ಎಲ್ಲ ಕಳೆದು ನೂರಕ್ಕೆ 85 ಹಿಡಿದರೆ 2100. ಅಂದರೆ ಒಬ್ಬ ಮನುಷ್ಯನಿಗೆ 100 ನಿಮಿಷಕ್ಕೆ ಒಂದು ಆಟ.

ದುಡ್ಡಿನ ಅರ್ಧಕ್ಕೂ ಜಾಸ್ತಿ ಸುರಿದು, ಜನರನ್ನು ದಿನವಿಡೀ ನಿಲ್ಲಿಸುವ ಪಾರ್ಕು ಕಟ್ಟಿದ್ದೆ. ಕಿತ್ತು ಬಿಸಾಡಿದೆ.

ಎರಡನೇ ಪಾರ್ಕ್

ಒಂದು ಕೋಸ್ಟರ್ ಉಳಿಸಿಕೊಂಡೆ. ಉಳಿದ ಜಾಗಕ್ಕೆ ಹುಡುಕಿದ್ದು ಜನ ನುಂಗುವ ಆಟಗಳನ್ನು. ಇದರಲ್ಲಿ ಗೆದ್ದದ್ದು ಕತ್ತಲ ಗುಹೆಯ ಸವಾರಿ. ಅದರಲ್ಲಿ ಗಾಡಿಗಳು ನಿಲ್ಲುವುದೇ ಇಲ್ಲ. ಸರಪಳಿಯ ಹಾಗೆ ಮೆಲ್ಲಗೆ ಹರಿಯುತ್ತಲೇ ಇರುತ್ತವೆ, ಜನ ಚಲಿಸುವ ಪಟ್ಟಿಯ ಮೇಲಿಂದ ಹತ್ತುತ್ತಾರೆ. ಇಬ್ಬರ ಗಾಡಿ ಆರು ಸೆಕೆಂಡಿಗೊಂದು ಬಂದರೂ ಗಂಟೆಗೆ 1200. ಎರಡು ಕೋಸ್ಟರಿನಷ್ಟು! ಕಿರುಚಾಟ ಇಲ್ಲ, ಮೈ ನಡುಕ ಇಲ್ಲ, ಮಕ್ಕಳು ಮುದುಕರು ಎಲ್ಲರೂ ಕೂರಬಹುದು.

ಆಮೇಲೆ ನೀರಲ್ಲಿ ತೇಲುವ ದಿಮ್ಮಿ (720), ಮೆರ್ರಿ ಗೋ ರೌಂಡ್ (576), ಪಾರ್ಕ್ ಸುತ್ತುವ ಪುಟ್ಟ ರೈಲು (480), ಸರಪಳಿಯಲ್ಲಿ ತೂಗಿ ಸುತ್ತುವ ಕುರ್ಚಿಗಳು (480), ಗಂಟೆಗೊಂದು ಪ್ರದರ್ಶನದ 400 ಸೀಟಿನ ಸಭಾಂಗಣ, ಪುಟಾಣಿಗಳಿಗೆ ಮೂರು ಚಿಕ್ಕ ಸವಾರಿ (450). ಕೋಸ್ಟರು, ಚಕ್ರ ಸೇರಿ 5338. ನೂರಕ್ಕೆ 85 ಹಿಡಿದರೆ 4537. ಇನ್ನೂ 700ಕ್ಕೂ ಜಾಸ್ತಿ ಕಡಿಮೆ.

ಇನ್ನೊಂದು ಯಂತ್ರ ತರುವ ಬದಲು ಹತ್ತಿ ಇಳಿಯುವ ಬಲೆ, ಏಣಿಗಳ ಆಟದ ಬಯಲು ಇಟ್ಟೆ. ನೆಲದಿಂದ ನೀರು ಚಿಮ್ಮುವ ಅಂಗಳ ಇಟ್ಟೆ. ಗಿಡದ ಬೇಲಿಯ ಚಕ್ರವ್ಯೂಹ ಇಟ್ಟೆ. ಮೂರರಲ್ಲೂ ಕ್ಯೂ ಇಲ್ಲ, ಸೀಟ್ ಬೆಲ್ಟ್ ಇಲ್ಲ. ಗಂಟೆಗೆ 750 ಜನ. ಒಟ್ಟು 5287. ಕೂಡಿಸಿ ನೋಡಿದಾಗ ಸುಮ್ನೆ ಕೂತು ನಕ್ಕೆ. ಕೋಸ್ಟರಿಗಿಂತ ಜಾಸ್ತಿ ಜನರನ್ನು ಈ ಮೂರೇ ಆಡಿಸುತ್ತವೆ, ಖರ್ಚು ಅದರ ಹತ್ತಿರಕ್ಕೂ ಬರುವುದಿಲ್ಲ.

ಕೋಸ್ಟರಿನ ಬಗ್ಗೆ ಒಂದು ಮಾತು. ಒಂದೇ ಹಳಿಯ ಮೇಲೆ ಎರಡು ರೈಲು ಓಡಿಸಬೇಕಾದರೆ ಹಳಿಯನ್ನು ಕನಿಷ್ಠ ಮೂರು ತುಂಡು ಅಂತ ಲೆಕ್ಕ ಹಿಡಿಯಬೇಕು. ಇದಕ್ಕೆ ಬ್ಲಾಕ್ ಅನ್ನುತ್ತಾರೆ. ಮುಂದಿನ ಬ್ಲಾಕ್ ಖಾಲಿಯಾಗುವ ತನಕ ಹಿಂದಿನ ರೈಲನ್ನು ಬ್ರೇಕ್ ಬಿಡುವುದಿಲ್ಲ. ರೈಲಿಗಿಂತ ಬ್ಲಾಕ್ ಒಂದಾದರೂ ಹೆಚ್ಚಿರಬೇಕು, ಇಲ್ಲದಿದ್ದರೆ ಯಾವುದೂ ಕದಲುವುದಿಲ್ಲ. ಅಷ್ಟೆಲ್ಲ ಮಾಡಿಯೂ, ನಿಲ್ದಾಣದಲ್ಲಿ ಜನ ಬ್ಯಾಗ್ ಇಡಲು, ಚಪ್ಪಲಿ ಹುಡುಕಲು ಅರ್ಧ ನಿಮಿಷ ಜಾಸ್ತಿ ತಗೊಂಡರೆ 600 ಇದ್ದದ್ದು 480ಕ್ಕೆ ಇಳಿಯುತ್ತದೆ. ಮೂರನೇ ರೈಲು ಕೊಂಡರೂ ಅದು ವಾಪಸ್ ಬರುವುದಿಲ್ಲ. ಹತ್ತುವ ಮೊದಲೇ ಬ್ಯಾಗ್ ಇಡಲು ಒಂದು ಕಪಾಟು ಇಟ್ಟರೆ ಬರುತ್ತದೆ.

ದಾರದ ಪಾಠ

ಎರಡನೇ ಪಾರ್ಕಿನಲ್ಲಿ ಎಲ್ಲಾ ಇತ್ತು, ನಿಲ್ಲುವ ಜಾಗ ಬಿಟ್ಟು.

ಕೋಸ್ಟರಿಗೆ 45 ನಿಮಿಷದ ಕ್ಯೂ ಇದೆ ಅಂದುಕೊಳ್ಳಿ. ಸಾಲಿನಲ್ಲಿ ಎಷ್ಟು ಜನ ಇರುತ್ತಾರೆ? ಗಂಟೆಗೆ ಎಷ್ಟು ಜನ ಹೊರಡುತ್ತಾರೋ ಅದನ್ನು ಕಾಯುವ ಗಂಟೆಗಳಿಂದ ಗುಣಿಸಿದರೆ ಆಯಿತು. 1961ರಲ್ಲಿ ಜಾನ್ ಲಿಟಲ್ ಇದನ್ನು ಗಣಿತದಲ್ಲಿ ಸಾಬೀತು ಮಾಡಿದರು. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಸೂತ್ರ ಇದೇ. ಕೋಸ್ಟರಿನ 600ಕ್ಕೆ ನೂರಕ್ಕೆ 85 ಹಿಡಿದರೆ 510. 510 ಗುಣಿಸು ಮುಕ್ಕಾಲು, ಸುಮಾರು 380 ಜನ. ಒಂದು ಮೀಟರ್ ಸಾಲಿಗೆ ಎರಡೂವರೆ ಜನ ಹಿಡಿದರೆ 152 ಮೀಟರ್ ಸಾಲು. ಮಾದರಿಯಲ್ಲಿ 30 ಸೆಂಟಿಮೀಟರ್.

ಕೆಂಪು ದಾರವನ್ನು 30 ಸೆಂಟಿಮೀಟರಿಗೆ ಕತ್ತರಿಸಿ ಕೋಸ್ಟರಿನ ಬಾಗಿಲಿಗೆ ಹಿಡಿದೆ. ಬಾಗಿಲಿಂದ ಹೊರಟ ದಾರ ಮೆರ್ರಿ ಗೋ ರೌಂಡನ್ನು ದಾಟಿ, ಶೌಚಾಲಯದ ಮುಂದೆ ಹಾದು, ಕೊಳಕ್ಕೆ ಬಿತ್ತು. ಅಲ್ಲಿಗೂ ಮುಗಿಯಲಿಲ್ಲ. ನಾನು ಕ್ಯೂಗೆ ಬಿಟ್ಟಿದ್ದ ಜಾಗ ಒಂದು ಬೆರಳಿನಷ್ಟಿತ್ತು.

ದಾರವನ್ನು ಹತ್ತು ಮಡಿಕೆ ಹಾಕಿದೆ, ಮಡಿಕೆಗೆ ಮೂರು ಸೆಂಟಿಮೀಟರ್. ನಿಜದಲ್ಲಿ 15 ಮೀಟರಿನ ಹತ್ತು ಸಾಲು, ಕಂಬಿ ಸೇರಿ ಸಾಲಿಗೆ 1.2 ಮೀಟರ್ ಅಗಲ. 15 ಗುಣಿಸು 12, ಅಂದರೆ 180 ಚದರ ಮೀಟರ್. ಅದರ ಮೇಲೆ ಸೂರು ಬೇಕು, ನಡುವೆ ಸೋತವರು ಹೊರಗೆ ಬರಲು ದಾರಿ ಬೇಕು, ಗಾಲಿಕುರ್ಚಿಗೆ 1:12ಕ್ಕಿಂತ ಕಡಿದಾಗದ ಇಳಿಜಾರು ಬೇಕು. ಮೂರು ಮೀಟರ್ ಎತ್ತರದ ನಿಲ್ದಾಣಕ್ಕೆ 36 ಮೀಟರ್ ಇಳಿಜಾರು! ನಿಲ್ದಾಣವನ್ನೇ ನೆಲಕ್ಕೆ ಇಳಿಸಿ ಹಳಿಯ ಕೆಳಗೆ ಗುಂಡಿ ತೋಡಿದರೆ ಅಗ್ಗ ಎಂದು ಹೊಳೆದದ್ದು ಆಮೇಲೆ.

ಇದೇ ಸೂತ್ರವನ್ನು ಶೌಚಾಲಯಕ್ಕೆ ಹಚ್ಚಿದೆ. ಒಬ್ಬರು ಎರಡೂವರೆ ಗಂಟೆಗೊಮ್ಮೆ ಹೋದರೆ ಗಂಟೆಗೆ 1400 ಜನ. ಹೆಂಗಸರು 700, ತಲಾ ಮೂರು ನಿಮಿಷ: ಯಾವಾಗಲೂ 35 ಕೋಣೆ ಭರ್ತಿ. ಗಂಡಸರಿಗೆ ಒಂದೂವರೆ ನಿಮಿಷ: 18. ಜನ ಒಟ್ಟಿಗೇ ನುಗ್ಗುತ್ತಾರೆ ಅಂತ ಹೆಚ್ಚಿಗೆ ಹಿಡಿದು 50 ಮತ್ತು 25 ಇಟ್ಟೆ, ನಾಲ್ಕು ಕಡೆ ಹಂಚಿ. ಎರಡೂ ಕಡೆ ಸಮ ಇಟ್ಟರೆ ನ್ಯಾಯ ಅನ್ನುವವರು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡಲಿ. 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆದಾಗ ಪ್ಲಂಬರುಗಳ ಮುಷ್ಕರದಿಂದಾಗಿ ಕುಡಿಯುವ ನೀರಿನ ನಲ್ಲಿಯೋ ಶೌಚಾಲಯವೋ ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂತು. ಶೌಚಾಲಯವನ್ನೇ ಆರಿಸಿದರು. ಹೊಸ ಡಾಂಬರು ಬಿಸಿಲಿಗೆ ಮೆತ್ತಗಾಗಿ ಹೆಂಗಸರ ಹಿಮ್ಮಡಿ ಹೂತು ಹೋಯಿತಂತೆ. ಒಂದೇ ವರ್ಷದಲ್ಲಿ, 1.7 ಕೋಟಿ ಡಾಲರಿನಲ್ಲಿ ಕಟ್ಟಿದ ಪಾರ್ಕು ಅದು. ಆ ಕಥೆ ಓದಿದ ಮೇಲೆ ನನ್ನ ಬಜೆಟ್ಟಿಗೆ "ಬಾಗಿಲು ತೆರೆಯುವ ಮುಂಚಿನ ತಾಲೀಮು" ಅನ್ನುವ ಸಾಲು ಬಂತು.

350 ಸೂಜಿ, ಒಬ್ಬಳು ಸೊಸೆ

ಮೂರನೇ ಪಾರ್ಕು ಹಾಕಿದ ಮೇಲೆ ಅಕ್ಕನ ಮಗಳು ಬಂದಳು. ಹತ್ತು ವರ್ಷ. ಹತ್ತು ಜನಕ್ಕೊಂದು ಸೂಜಿ ಅಂತ ಎಣಿಸಿ 350 ಸೂಜಿ ಚುಚ್ಚುವ ಕೆಲಸ ಅವಳಿಗೆ ಕೊಟ್ಟೆ. ಸವಾರಿ ಮತ್ತು ಸಭಾಂಗಣದೊಳಗೆ 90, ಆಟದ ಬಯಲುಗಳಲ್ಲಿ 50, ಕ್ಯೂಗಳಲ್ಲಿ 100, ಊಟದ ಜಾಗದಲ್ಲಿ 60, ದಾರಿ ಅಂಗಡಿಗಳಲ್ಲಿ 50. ಮೂರೂ ಬೆರಳಿಗೆ ಗುರುತು ಬಿದ್ದರೂ ಬಿಡಲಿಲ್ಲ.

ಎಲ್ಲಾ ಚುಚ್ಚಿ ಕೇಳಿದಳು: "ಮಾಮಾ, ಅಜ್ಜಿ ಬಂದ್ರೆ ಎಲ್ಲಿ ಕೂತ್ಕೊಳ್ತಾರೆ?"

ನೋಡಿದೆ. ಒಂದೂ ಬೆಂಚ್ ಇರಲಿಲ್ಲ. ಆಡದೆ ಬರುವ ಜನ ಇರುತ್ತಾರೆ ಎನ್ನುವುದೇ ನನಗೆ ಹೊಳೆದಿರಲಿಲ್ಲ. ಬ್ಯಾಗ್ ಕಾಯುವವರು, ಮಗು ಮಲಗಿಸಿಕೊಂಡವರು, ಮಂಡಿ ನೋವಿನವರು. ಅವರೂ ಟಿಕೆಟ್ ಕೊಟ್ಟೇ ಬಂದಿರುತ್ತಾರೆ. ಅವರು "ಹೋಗೋಣ" ಅಂದ ಕೂಡಲೇ ಇಡೀ ಮನೆ ಎದ್ದು ಹೊರಡುತ್ತದೆ, ಅಲ್ವಾ? ಕೊಳದ ಸುತ್ತ, ಮೆರ್ರಿ ಗೋ ರೌಂಡಿಗೆ ಮುಖ ಮಾಡಿ ನೆರಳಿನ ಬೆಂಚುಗಳ ಸಾಲು ಬಂತು.

ಅವಳೇ ಇನ್ನೊಂದು ಹಿಡಿದಳು. ಕಸದ ಗಾಡಿ ಎಲ್ಲಿಂದ ಬರುತ್ತದೆ? ನನ್ನ ನಕ್ಷೆಯಲ್ಲಿ ಅದು ಮುಖ್ಯ ದಾರಿಯಲ್ಲೇ ಜನರ ನಡುವೆ ಹಾರ್ನ್ ಹೊಡೆಯುತ್ತಾ ಬರಬೇಕಿತ್ತು. ಹಾಗಾಗಿ ಅಂಚಿನ ಸುತ್ತ ಆರು ಮೀಟರಿನ ಹಿಂಬದಿ ರಸ್ತೆ. 1400 ಮೀಟರ್ ಸುತ್ತಳತೆಗೆ 8400 ಚದರ ಮೀಟರ್ ಹೋಯಿತು. ನಿಲ್ಲಿಸುವ ಕಾರು 750 ಅಂದರೆ, ತಿರುಗುವ ಜಾಗ ಸೇರಿ ಕಾರಿಗೆ 25 ಚದರ ಮೀಟರಿನಂತೆ ಇನ್ನೊಂದು 1.9 ಹೆಕ್ಟೇರ್. ಮಾದರಿಯಲ್ಲಿ 25 ಗುಣಿಸು 30 ಸೆಂಟಿಮೀಟರಿನ ಬೂದು ರಟ್ಟು. ಪಾರ್ಕಿನ ಆರನೇ ಒಂದು ಭಾಗ, ಒಂದೇ ಒಂದು ನಗುವೂ ಹುಟ್ಟದ ಜಾಗ. ಅಂಟಿಸುವಾಗ ಬೇಜಾರಾಯಿತು. ಅಂಟು ನೀರಾಗಿ ರಟ್ಟು ಸೊಟ್ಟಗಾಗಿ ಇನ್ನೂ ಬೇಜಾರಾಯಿತು. ರಾತ್ರಿಯಿಡೀ ಅದರ ಮೇಲೆ ನಿಘಂಟು ಇಟ್ಟೆ.

ದುಡ್ಡು

ಮೂರನೇ ಬಜೆಟ್ ಹೀಗಿತ್ತು. ಸವಾರಿ, ಅವುಗಳ ಅಡಿಪಾಯ, ಜೋಡಣೆ 310. ಕಟ್ಟಡಗಳು 180. ನೆಲ, ರಸ್ತೆ, ಚರಂಡಿ, ನೀರು, ಕರೆಂಟು 160. ಅಲಂಕಾರದ ಮುಖವಾಡಗಳು, ಬಂಡೆ, ಹೆಬ್ಬಾಗಿಲು 80. ನೆರಳು, ಮರ, ಕೊಳ 50. ನಕ್ಷೆ, ಮಣ್ಣು ಪರೀಕ್ಷೆ, ಅನುಮತಿ, ವಿಮೆ 70. ಜನರನ್ನು ಸೇರಿಸಿ ಕಲಿಸಿ ತಾಲೀಮು ಮಾಡಿಸಲು 40. ಬಿಡಿ ಭಾಗಗಳಿಗೆ 10. ಉಳಿದ 100 ಯಾವುದಕ್ಕೂ ಅಲ್ಲ. ಅಗೆದಾಗ ಬಂಡೆ ಸಿಗುತ್ತದಲ್ಲ, ಅದಕ್ಕೆ. 620 ಇದ್ದ ಸವಾರಿ ಸರಿಯಾಗಿ ಅರ್ಧಕ್ಕೆ ಬಂತು, ಆಡುವವರ ಸಂಖ್ಯೆ ಎರಡೂವರೆ ಪಟ್ಟಾಯಿತು.

ಇದು ಕಟ್ಟುವ ಖರ್ಚು. ನಡೆಸುವ ಖರ್ಚು ಬೇರೆ. ವಾರಕ್ಕೆ 70 ಗಂಟೆ ತೆರೆದಿದ್ದು, ಒಬ್ಬರು 42 ಗಂಟೆ ಕೆಲಸ ಮಾಡಿದರೆ, ಗುಂಡಿ ಒತ್ತುವ ಒಂದು ಕುರ್ಚಿಗೆ 1.7 ಜನ ಬೇಕು. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಹಳಿ, ಬೋಲ್ಟು, ಬೆಲ್ಟು ನೋಡಿ ಸಹಿ ಹಾಕುವವರು ಇನ್ನೂ ಬೇರೆ.

ಲಾಭ ನೋಡಲು ಪಾಲನ್ನು ಟಿಕೆಟ್ಟಿಗೆ ಬದಲಾಯಿಸಿದೆ. ಒಂದು ಪಾಲು ಅಂದರೆ 2500 ಟಿಕೆಟ್ಟಿನ ಬೆಲೆ ಎಂದಿಟ್ಟರೆ ಪೂರ್ತಿ ಪಾರ್ಕು 25 ಲಕ್ಷ ಟಿಕೆಟ್. ವರ್ಷಕ್ಕೆ 6 ಲಕ್ಷ ಟಿಕೆಟ್, ಒಳಗೆ ತಿನ್ನಲು ಕೊಳ್ಳಲು ಖರ್ಚು ಮಾಡುವುದು ತಲಾ ಅರ್ಧ ಟಿಕೆಟ್ಟಿನಷ್ಟು. ಬರುವುದು 9 ಲಕ್ಷ. ನಡೆಸಲು ಅದರಲ್ಲಿ ನೂರಕ್ಕೆ 70 ಹೋದರೆ ಉಳಿಯುವುದು 2.7 ಲಕ್ಷ. ಕೆಲವು ವರ್ಷಕ್ಕೊಮ್ಮೆ ಹೊಸ ಸವಾರಿ ಹಾಕದಿದ್ದರೆ ಬಂದವರು ಮತ್ತೆ ಬರುವುದಿಲ್ಲ. ಅದಕ್ಕೆ ವರ್ಷಕ್ಕೆ 45 ಸಾವಿರ ಎತ್ತಿಟ್ಟರೆ 2.25 ಲಕ್ಷ. ಹಾಕಿದ್ದು ವಾಪಸ್ ಬರಲು 11 ವರ್ಷ, ಬಡ್ಡಿ ಇಲ್ಲದೆ.

ಈಗ ಮಳೆ ಜಾಸ್ತಿಯಾಗಿ ಜನ ಐದರಲ್ಲಿ ಒಂದು ಪಾಲು ಕಡಿಮೆ ಬರುತ್ತಾರೆ ಅಂದುಕೊಳ್ಳಿ. ಬರುವುದು 7.2 ಲಕ್ಷ. ಆದರೆ ಖರ್ಚು ಅಷ್ಟು ಇಳಿಯುವುದಿಲ್ಲ. ಕೋಸ್ಟರ್ ಅರ್ಧ ಖಾಲಿ ಓಡಿದರೂ ನೋಡಿಕೊಳ್ಳುವವರು ಅಷ್ಟೇ ಜನ. 6.3 ಇದ್ದದ್ದು 5.9ಕ್ಕೆ ಬಂದೀತು. ಉಳಿಯುವುದು 1.3 ಲಕ್ಷ, ಹೊಸ ಸವಾರಿಗೆ ಒಂದು ಬಿಲ್ಲೆಯೂ ಎತ್ತಿಡದೆ. ಪ್ರತಿ ವರ್ಷವೂ ಹೀಗಾದರೆ 19 ವರ್ಷ.

ಈ ಲೆಕ್ಕ ಮುಗಿದಾಗ ರಾತ್ರಿ ಹನ್ನೊಂದು. ಮಳೆಗೆ ಹೆದರದ ಪಾರ್ಕು ಬೇಕಾದರೆ ಎಲ್ಲಾ ಕ್ಯೂಗೂ ಸೂರು, ಗುಹೆಯಿಂದ ಸಭಾಂಗಣದವರೆಗೆ ಮುಚ್ಚಿದ ದಾರಿ ಬೇಕು. ಅದಕ್ಕೆ 30 ಪಾಲು. ಆ ನೂರನ್ನು ಮುಟ್ಟಬಾರದು. ಚರಂಡಿಯಿಂದ ಕೀಳಲಾಗದು. ಉಳಿದದ್ದು ಅಲಂಕಾರದ 80. ನಾಲ್ಕು ಸಂಜೆ ಕೂತು ಕೊರೆದಿದ್ದ ಹೆಬ್ಬಾಗಿಲು ಇತ್ತು, ಎರಡು ಗೋಪುರ, ಬ್ಲೇಡಿನ ತುದಿಯಲ್ಲಿ ಬಿಡಿಸಿದ ಪುಟ್ಟ ಕಿಟಕಿಗಳು. ಎರಡೂ ಬದಿಗೆ ಬ್ಲೇಡ್ ತೂರಿಸಿ ಮೆಲ್ಲಗೆ ಎತ್ತಿದೆ. ಅಂಟಿನ ಎರಡು ಒಣ ಕಲೆ ಉಳಿದವು. ಅದರ ಮೇಲೆ ಪಾರದರ್ಶಕ ಹಾಳೆಯ ಸೂರು ಇಟ್ಟು, ಅಂಟು ಒಣಗುವ ತನಕ ಬೆರಳಿನಲ್ಲಿ ಒತ್ತಿ ಹಿಡಿದು ಕೂತೆ.